ನಿಮ್ಮ ಜಾತಕದಲ್ಲಿ ಲಿನಕ್ಸ್ ಯೋಗ

ಮನೆಯಲ್ಲಿ ಏಳೆಂಟು ವರ್ಷದ ಹಳೆಯ ಲ್ಯಾಪ್‌ಟಾಪ್ ಒಂದಿದೆ, ಬಳಗದಲ್ಲಿ ಇಂಜಿನಿಯರಿಂಗ್ ಓದಿದ ಸೋದರಳಿಯ ಒಬ್ಬನಿದ್ದಾನೆ ಎಂದಾದರೆ ನಿಮ್ಮ ಜಾತಕದಲ್ಲಿ ಲಿನಕ್ಸ್ ಯೋಗ ಬರೆದಿದೆ ಎಂದೇ ತಿಳಿಯಿರಿ. ಇವತ್ತಲ್ಲ ನಾಳೆ, ಗೌರಿ ಹಬ್ಬಕ್ಕೋ ಗೃಹಪ್ರವೇಶಕ್ಕೋ ಬಂದವನು ಊಟ ಮುಗಿಸಿ, ಎಲೆ ಅಡಿಕೆಯ ತಟ್ಟೆ ಮುಂದೆ ಬರುವ ಹೊತ್ತಿಗೆ, ಮೂಲೆಯಲ್ಲಿ ಧೂಳು ಹಿಡಿದು ಕೂತ ಅದನ್ನು ನೋಡಿಯೇ ನೋಡುತ್ತಾನೆ.

"ಮಾವ, ಇದ್ಯಾಕೆ ಹೀಗೆ ಬಿದ್ದಿದೆ?"

"ಸ್ಲೋ ಆಗಿದೆ ಕಣೋ. ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಆ ಚಕ್ರ ತಿರುಗ್ತಾನೇ ಇರುತ್ತೆ. ಹೊಸದು ತಗೋಬೇಕು."

"ಹೊಸದಾ? ಮಾವ, ನಿಮಗೇನು ತಲೆ..." ಎಂದು ಶುರುಮಾಡಿ, ಎದುರಿಗಿರುವವರು ಹಿರಿಯರೆಂಬುದು ನೆನಪಾಗಿ ಉಳಿದದ್ದನ್ನು ನುಂಗಿಕೊಂಡು, "ಲಿನಕ್ಸ್ ಹಾಕಿಕೊಡ್ತೀನಿ ಬಿಡಿ" ಎನ್ನುತ್ತಾನೆ. ಪೆನ್‌ಡ್ರೈವ್ ಅವನ ಜೇಬಿನಲ್ಲೇ ಇರುತ್ತದೆ. ಈ ಪಂಗಡದವರು ಮದುವೆ ಮನೆಗೂ ಪೆನ್‌ಡ್ರೈವ್ ಇಲ್ಲದೆ ಹೋಗುವುದಿಲ್ಲ.

ಮೊದಲಾದರೆ ನಕ್ಕು ಸಾಗಹಾಕಬಹುದಿತ್ತು. ಈಚೆಗೆ ಅವನ ಮಾತಿನಲ್ಲಿ ಸತ್ಯವೂ ಸೇರಿಕೊಂಡಿರುವುದೇ ತೊಡಕು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈಬಿಟ್ಟಿತು. ಹನ್ನೊಂದಕ್ಕೆ ಹತ್ತೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದೆಯೇ ಎಂದು ಕೇಳುತ್ತದೆ. ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು ಎನ್ನುತ್ತದೆ. 2016ರಲ್ಲಿ ಕಂತು ಕಟ್ಟಿ ಕೊಂಡ ಲ್ಯಾಪ್‌ಟಾಪು, ಒಂದು ಕೀಲಿಯೂ ಸವೆದಿಲ್ಲ, ಮೇಲಿನ ಸ್ಟಿಕ್ಕರನ್ನು ಕೂಡ ಕಿತ್ತಿಲ್ಲ, ಆದರೂ ಅನರ್ಹ. ಯಂತ್ರ ಗಟ್ಟಿಯಾಗಿದೆ, ಕೆಲಸ ಮಾಡುತ್ತದೆ, ಆದರೆ ವಯಸ್ಸಾಯಿತು, ಮನೆಗೆ ಹೋಗಲಿ ಎನ್ನುತ್ತಾರೆ. ಅರವತ್ತಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಬಂದ ಮಾವನಿಗೆ ಈ ಮಾತು ಎಲ್ಲಿ ಹೋಗಿ ನಾಟುತ್ತದೆ ಎನ್ನುವುದು ಅಳಿಯನಿಗೆ ಚೆನ್ನಾಗಿ ಗೊತ್ತು.

ಪೆನ್‌ಡ್ರೈವ್ ಚುಚ್ಚುವ ಮೊದಲು ಸ್ಥಳಪುರಾಣ ಕೇಳಲೇಬೇಕು, ಅದಕ್ಕೆ ಸಿದ್ಧರಾಗಿ. 1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ಹುಡುಗ, ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ, ಹವ್ಯಾಸಕ್ಕಷ್ಟೇ, ದೊಡ್ಡದೇನೂ ಆಗಲಾರದು ಎಂದು ಲೋಕಕ್ಕೆ ತಿಳಿಸಿದ. ಅದೇ ಲಿನಕ್ಸ್. ಈಗ ಅದರ ತಿರುಳಾದ ಕರ್ನಲ್ ಮೂರು ಕೋಟಿ ಸಾಲು ದಾಟಿದೆ. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಇರುವುದೆಲ್ಲ ಅದರ ಮೇಲೆ ಓಡುವಂಥವೇ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲೂ ಅದೇ ಕೂತಿದೆ. ಹವ್ಯಾಸಕ್ಕಷ್ಟೇ ಎಂದು ಶುರುಮಾಡುವವರ ವಿಷಯದಲ್ಲಿ ಹುಷಾರಾಗಿರಬೇಕು ಎನ್ನುವುದು ಇದಕ್ಕೇ.

ಇದಕ್ಕೆಲ್ಲ ಹೂಂಗುಟ್ಟಿ ಸುಮ್ಮನಿದ್ದರೆ ಬಚಾವ್. ಅಪ್ಪಿತಪ್ಪಿ "ಹಾಗಾದ್ರೆ ಲಿನಕ್ಸ್ ಅಂದ್ರೆ ವಿಂಡೋಸ್ ಥರದ್ದೇ ಒಂದು ಅಲ್ವೇನೋ" ಎಂದಿರೋ, ಇನ್ನರ್ಧ ಗಂಟೆ ಕೈಬಿಟ್ಟುಹೋಯಿತು. "ಲಿನಕ್ಸ್ ಅಂದ್ರೆ ಬರೀ ಕರ್ನಲ್ಲು ಮಾವ. ಅದರ ಮೇಲಿನ ಸಾಮಾನು ಬಹಳಷ್ಟು ಗ್ನೂ ಅನ್ನೋ ಯೋಜನೆಯದು. ರಿಚರ್ಡ್ ಸ್ಟಾಲ್ಮನ್ 1983ರಲ್ಲೇ ಸಾರಿದ್ದು. ಸರಿಯಾಗಿ ಹೇಳೋದಾದ್ರೆ ಗ್ನೂ ಲಿನಕ್ಸ್ ಅನ್ನಬೇಕು." ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ: "ಅದೇನಾದ್ರೂ ಇರಲಿ, ನಿನಗೆ ಕಾಫಿ ಬೇಕೋ ಬೇಡ್ವೋ ಅದನ್ನ ಹೇಳು." ಆ ಕಾಫಿಯಿಂದ ಉಳಿದ ಸಮಯಕ್ಕೆ ಮಾವ ಜೀವನಪರ್ಯಂತ ಋಣಿ.

ಆಮೇಲೆ, ಯಾವ ಲಿನಕ್ಸ್ ಎನ್ನುವ ಪ್ರಶ್ನೆ. ಡೆಬಿಯನ್, ಫೆಡೋರಾ, ಉಬುಂಟು, ಮಿಂಟ್, ಓಪನ್‌ಸೂಸೆ, ಜೋರಿನ್, ಆರ್ಚ್, ಹೀಗೆ ನೂರಾರಿವೆ. ಒಂದೊಂದಕ್ಕೂ ಡಿಸ್ಟ್ರೋ ಎನ್ನುತ್ತಾರೆ. ಯಾರು ಬೇಕಾದರೂ ಕೋಡ್ ತೆಗೆದುಕೊಂಡು ತಮ್ಮದೇ ಒಂದು ಮಾಡಿಕೊಳ್ಳಬಹುದಾದ್ದರಿಂದ, ಇಬ್ಬರಿಗೆ ಜಗಳವಾದರೆ ಮೂರನೆಯ ಡಿಸ್ಟ್ರೋ ಹುಟ್ಟುತ್ತದೆ. ಹೊರನಾಡಿನ ಕನ್ನಡ ಸಂಘಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವಕ್ಕೆಲ್ಲ ವಂಶಾವಳಿಯೂ ಇದೆ. 1993ರಲ್ಲಿ ಇಯಾನ್ ಮರ್ಡಾಕ್ ಎಂಬಾತ ಆಗ ತಾನು ಪ್ರೀತಿಸುತ್ತಿದ್ದ ಡೆಬ್ರಾಳ ಹೆಸರಿಗೆ ತನ್ನ ಹೆಸರು ಸೇರಿಸಿ ಡೆಬಿಯನ್ ಮಾಡಿದ, ಅದು ತಾತ. 2004ರಲ್ಲಿ ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ಡೆಬಿಯನ್ ಮೇಲೆ ಉಬುಂಟು ಕಟ್ಟಿದರು, ಅದು ಅಪ್ಪ. (ಅದಕ್ಕೆ ಎರಡು ವರ್ಷ ಮೊದಲು ಆತ ಸ್ವಂತ ದುಡ್ಡು ಕೊಟ್ಟು ಬಾಹ್ಯಾಕಾಶಕ್ಕೂ ಹೋಗಿ ಬಂದಿದ್ದರು. ಅಷ್ಟು ಮೇಲೆ ಹೋದವರು ಇಳಿದು ಬಂದ ಮೇಲೆ ಏನನ್ನಾದರೂ ಬಿಟ್ಟಿ ಹಂಚಲೇಬೇಕು.) 2006ರಲ್ಲಿ ಫ್ರಾನ್ಸಿನವರಾದ ಕ್ಲೆಮಾಂ ಲೆಫೆವ್ರ್ ಉಬುಂಟುವಿನ ಮೇಲೆ ಲಿನಕ್ಸ್ ಮಿಂಟ್ ಕಟ್ಟತೊಡಗಿದರು, ಅದು ಮೊಮ್ಮಗ. ಅಪ್ಪನ ಜೊತೆ ಸರಿಹೋಗದಿದ್ದರೆ ಇರಲಿ ಎಂದು ಮಿಂಟಿನವರು ನೇರ ತಾತನ ಮನೆಯಿಂದಲೇ ಸಾಮಾನು ತಂದು ಎಲ್‌ಎಂಡಿಇ ಎನ್ನುವ ಇನ್ನೊಂದನ್ನೂ ಮಾಡಿ ಇಟ್ಟುಕೊಂಡಿದ್ದಾರೆ. ಮುಂದಾಲೋಚನೆ ಎಂದರೆ ಅದು.

ಹೊಸಬರಿಗೆ ಮಿಂಟ್ ಸಾಕು ಎನ್ನುವುದು ನನ್ನ ಅಭಿಪ್ರಾಯ. ಕೆಳಗೊಂದು ಪಟ್ಟಿ, ಎಡಮೂಲೆಯಲ್ಲಿ ಮೆನು, ಕಣ್ಣಿಗೆ ಪರಿಚಯದ ಮನೆ. ಎರಡು ಜಿಬಿ ರ‍್ಯಾಮ್ ಇದ್ದರೂ ಏಳುತ್ತದೆ, ನಾಲ್ಕಿದ್ದರೆ ನೆಮ್ಮದಿ. ಒಂದೇ ಅಪಾಯ, ಅದರ ಆವೃತ್ತಿಗಳಿಗೆಲ್ಲ ಹೆಣ್ಣುಮಕ್ಕಳ ಹೆಸರು. ಹಿಂದೆ ಮಾಯಾ, ತಾರಾ ಎಂದೆಲ್ಲ ನಮ್ಮ ಪಕ್ಕದ ಮನೆಯವರೇ ಬಂದುಹೋದರು. ಈಚಿನವರು ವಿಲ್ಮಾ, ಶಿಯಾ, ಜಾರಾ. "ವಿಲ್ಮಾ ಬಂದಮೇಲೆ ಎಷ್ಟು ಹಗುರ ಆಗಿದೆ ಅಂತೀರಿ!" ಎಂದು ನಿವೃತ್ತ ಗಂಡಸರು ಫೋನಿನಲ್ಲಿ ಗಟ್ಟಿಯಾಗಿ ಹೇಳುವ ಮೊದಲು ಅಡುಗೆಮನೆಯ ಕಡೆ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಅಳಿಯ ತನ್ನ ಲ್ಯಾಪ್‌ಟಾಪಿನಲ್ಲಿ ಮಿಂಟ್ ಇಟ್ಟುಕೊಂಡಿರುವುದಿಲ್ಲ ಎನ್ನುವುದನ್ನು ಗಮನಿಸಿ. ಅವನದು ಆರ್ಚ್. ಆರ್ಚ್ ಹಾಕಿದವರು ಅದನ್ನು ನೀವು ಕೇಳುವವರೆಗೆ ಕಾಯುವುದಿಲ್ಲ, ಚಪ್ಪಲಿ ಬಿಡುವಾಗಲೇ ಹೇಳಿರುತ್ತಾರೆ. ಅವನ ಯಂತ್ರದಲ್ಲಿ ಕೆಲಸ ನಡೆಯುವುದನ್ನು ಕಂಡವರಿಲ್ಲ. ಯಾವಾಗ ನೋಡಿದರೂ ಇನ್‌ಸ್ಟಾಲ್ ನಡೆಯುತ್ತಿರುತ್ತದೆ. ಹೋದ ಸಂಕ್ರಾಂತಿಗೆ ಫೆಡೋರಾ, ಯುಗಾದಿಗೆ ಮಂಜಾರೋ, ಈಗ ಇದು. ಹಾಕಿ ಮುಗಿದೊಡನೆ ಕಪ್ಪು ಪರದೆಯ ಮೇಲೆ ಅಕ್ಷರಗಳಿಂದ ಕಟ್ಟಿದ ಡಿಸ್ಟ್ರೋ ಲಾಂಛನ, ಪಕ್ಕದಲ್ಲಿ ತನ್ನ ಪ್ರೊಸೆಸರಿನ ಹೆಸರು ಬರುವ ಹಾಗೆ ಒಂದು ಫೋಟೊ ತೆಗೆದು ಗೆಳೆಯರಿಗೆ ಕಳಿಸುತ್ತಾನೆ. ಅಲ್ಲಿಗೆ ಆ ಡಿಸ್ಟ್ರೋದಿಂದ ಆಗಬೇಕಾದ ಕೆಲಸ ಆಯಿತು.

ಆದರೆ ಹಾಕುವುದು ಈಗ ನಿಜಕ್ಕೂ ಸುಲಭ, ಇದನ್ನು ಒಪ್ಪಲೇಬೇಕು. ತೊಂಬತ್ತರ ದಶಕದಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬಂದ ಸಿಡಿಯಿಂದ ಹಾಕಿದ ಹಿರಿಯರು ಇವತ್ತಿಗೂ ಸಿಕ್ಕಿದಲ್ಲಿ ಆ ಕಥೆ ಹೇಳುತ್ತಾರೆ. ಮೋಡೆಮ್ ಕೂಗಿಸಲು ಪಟ್ಟ ಪಾಡು, ಮಾನಿಟರಿನ ಅಂಕಿಗಳನ್ನು ಕೈಯಾರೆ ತುಂಬಿದ್ದು, ಎಲ್ಲ. ಆಮೇಲಿನವರಿಗೆ ಉಬುಂಟು ಕಂಪನಿ ಕೇಳಿದರೆ ಸಿಡಿಗಳನ್ನು ಬಿಟ್ಟಿಯಾಗಿ ಅಂಚೆಯಲ್ಲೇ ಕಳಿಸುತ್ತಿತ್ತು, 2011ರವರೆಗೂ. ಫಾರಿನ್ ಕವರ್ ಬಂತೆಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಹಂಚಿದ್ದರಲ್ಲಿ ಹೆಚ್ಚಿನವು ಷೋಕೇಸ್ ಸೇರಿದವು. ಈಗಿನವರಿಗೆ ಎಂಟು ಜಿಬಿಯ ಪೆನ್‌ಡ್ರೈವ್ ಒಂದು ಸಾಕು. ಸುಮಾರು ಮೂರು ಜಿಬಿಯ ಕಡತ ಇಳಿಸಿಕೊಂಡು ಅದಕ್ಕೆ ಬರೆದರೆ ಆಯಿತು.

ಒಂದೇ ಒಂದು ಕಡೆ ಮಾತ್ರ ಬೆವರು ಬರುತ್ತದೆ. ಲ್ಯಾಪ್‌ಟಾಪ್ ಆನ್ ಮಾಡಿದ ಕ್ಷಣದಲ್ಲಿ ಒತ್ತಬೇಕಾದ ಕೀಲಿಯೊಂದಿದೆ. ಒಂದು ಕಂಪನಿಯದು ಎಫ್2, ಇನ್ನೊಂದರದು ಎಫ್12, ಮತ್ತೊಂದಕ್ಕೆ ಎಫ್9, ಬೇರೊಂದಕ್ಕೆ ಎಸ್ಕೇಪ್. ಯಾವುದು ಯಾರದೆಂದು ಯಾರಿಗೂ ನೆನಪಿರುವುದಿಲ್ಲವಾದ್ದರಿಂದ ಮೇಲಿನ ಸಾಲನ್ನೇ ಎಡದಿಂದ ಬಲಕ್ಕೆ ಬಡಿಯುವುದು ವಾಡಿಕೆ. ಅಷ್ಟರಲ್ಲಿ ವಿಂಡೋಸ್ ಎದ್ದು ನಮಸ್ಕಾರ ಎನ್ನುತ್ತದೆ. ಮತ್ತೆ ಆಫ್, ಮತ್ತೆ ಬಡಿತ. ಕೊನೆಗೊಮ್ಮೆ ಪೆನ್‌ಡ್ರೈವಿನಿಂದ ಎದ್ದುಕೊಂಡರೆ ಲೈವ್ ಎಂಬ ಅವತಾರ ಕಾಣುತ್ತದೆ. ಅದರಲ್ಲಿ ಡಿಸ್ಕಿನ ಮೇಲೆ ಏನೂ ಬರೆಯದೆಯೇ ಲಿನಕ್ಸನ್ನು ಓಡಿಸಿ ನೋಡಬಹುದು. ಧ್ವನಿ ಬರುತ್ತದೆಯೇ, ಕ್ಯಾಮೆರಾ ಕಾಣುತ್ತದೆಯೇ, ವೈಫೈ ಸಿಗುತ್ತದೆಯೇ ಎಂದು ಇಲ್ಲೇ ನೋಡಿಕೊಳ್ಳಬೇಕು. ಹುಡುಗರು ಮಾತ್ರ ಈ ಹಂತವನ್ನು ಹಾರಿಸಿ ಮುಂದಕ್ಕೆ ಓಡುತ್ತಾರೆ. ಕೈ ಹಿಡಿದು ನಿಲ್ಲಿಸಿ.

ಯಾಕೆಂದರೆ ಕೆಲವು ವೈಫೈ ಚಿಪ್ಪುಗಳ ಡ್ರೈವರ್ ಲಿನಕ್ಸಿನ ಜೊತೆ ಬರುವುದಿಲ್ಲ, ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇಂಟರ್ನೆಟ್ ಬರಬೇಕಾದರೆ ವೈಫೈ ಬೇಕು. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು. ಇದಕ್ಕೆ ಮದ್ದು ಫೋನಿನ ಚಾರ್ಜಿಂಗ್ ಕೇಬಲ್. ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಫೋನಿನ ಇಂಟರ್ನೆಟ್ ತಂತಿಯಲ್ಲಿ ಹರಿದು ಬರುತ್ತದೆ. ಅಳಿಯ ಇದನ್ನು ಕೊನೆಯಲ್ಲಿ, ಮೂರು ಬಗೆಯ ಆದೇಶಗಳನ್ನು ಟೈಪಿಸಿ ಸೋತಮೇಲೆ, ತನಗೆ ಮೊದಲೇ ಗೊತ್ತಿತ್ತು ಎನ್ನುವ ಮುಖದಲ್ಲಿ ಹೇಳುತ್ತಾನೆ.

ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಲ್ಲಿ ಕನ್ನಡಕ ಹಾಕಿಕೊಂಡು ಓದಬೇಕಾದದ್ದು ಒಂದೇ. ವಿಂಡೋಸಿನ ಪಕ್ಕದಲ್ಲಿ ಜಾಗ ಮಾಡಿಕೊಳ್ಳಲೋ, ಇಡೀ ಡಿಸ್ಕ್ ಅಳಿಸಿ ಹಾಕಲೋ? ಎರಡನೆಯದನ್ನು ಒತ್ತಿದರೆ ಮಗಳ ಮದುವೆಯ ಫೋಟೊ, ಪೆನ್ಷನ್ ಕಾಗದ, ಆದಾಯ ತೆರಿಗೆಯ ಲೆಕ್ಕ ಎಲ್ಲ ಹೋದವು. "ಎಲ್ಲ ಕ್ಲೌಡಲ್ಲಿ ಇರುತ್ತೆ ಮಾವ" ಎಂದರೆ ನಂಬಬೇಡಿ. ಬೇರೆ ಡಿಸ್ಕಿಗೆ ತೆಗೆದಿಟ್ಟು, ತೆರೆದು ನೋಡಿ, ಆಮೇಲೆ ಹೂಂ ಎನ್ನಿ. ಎರಡನ್ನೂ ಇಟ್ಟುಕೊಳ್ಳುವುದಾದರೆ ಬಿಟ್‌ಲಾಕರ್ ಎಂಬ ಬೀಗ ಹಾಕಿದೆಯೇ ಎಂದು ವಿಂಡೋಸಿನಲ್ಲೇ ವಿಚಾರಿಸಿ. ಹಾಕಿದ್ದರೆ, ಬೂಟ್ ವ್ಯವಸ್ಥೆ ಮುಟ್ಟಿದ ಮೇಲೆ ವಿಂಡೋಸ್ ಮುನಿಸಿಕೊಂಡು 48 ಅಂಕಿಗಳ ಕೀಲಿ ಕೇಳಬಹುದು. ಆ ಕೀಲಿಯನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡವರು ಮಾತ್ರ ಆ ರಾತ್ರಿ ಮಲಗುತ್ತಾರೆ.

ಮುಂದೆ ಊರು ಯಾವುದೆಂದು ಕೇಳಿ ಭೂಪಟ ತೋರಿಸುತ್ತದೆ. ಮೈಸೂರಿನ ಮೇಲೆ ಒತ್ತಿ, ಬೀದರಿನ ಮೇಲೆ ಒತ್ತಿ, ಬರುವುದು ಕೋಲ್ಕತಾ. ಇಡೀ ಭಾರತದ ಕಾಲಮಾನಕ್ಕೆ ಕಂಪ್ಯೂಟರ್ ಲೋಕ ಇಟ್ಟುಕೊಂಡಿರುವ ಹೆಸರೇ ಅದು. ಕನ್ನಡಾಭಿಮಾನಿಗಳು ಇಲ್ಲಿ ರಕ್ತದೊತ್ತಡ ಏರಿಸಿಕೊಳ್ಳದೆ ಮುಂದಿನ ಗುಂಡಿ ಒತ್ತುವುದು.

ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಂಡವರಿಗೆ ಕಾಲದ ಇನ್ನೊಂದು ಲೀಲೆ ಕಾದಿದೆ. ಯಂತ್ರದೊಳಗಿನ ಗಡಿಯಾರದಲ್ಲಿ ಇರುವುದು ಗ್ರೀನಿಚ್ ಕಡೆಯ ವೇಳೆ ಎಂದು ಲಿನಕ್ಸ್ ತಿಳಿಯುತ್ತದೆ, ನಮ್ಮೂರಿನ ವೇಳೆ ಎಂದು ವಿಂಡೋಸ್ ತಿಳಿಯುತ್ತದೆ. ಹಾಗಾಗಿ ಲಿನಕ್ಸಿನಿಂದ ಎದ್ದು ವಿಂಡೋಸಿಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ. ಬೆಳಗಿನ ಹತ್ತು ಗಂಟೆಗೆ ಎದ್ದು ಕೂತ ಸೋಮಾರಿಗೂ ನಾಲ್ಕೂವರೆಯ ಬ್ರಾಹ್ಮೀ ಮುಹೂರ್ತದ ಪುಣ್ಯ. ಒಂದು ಸಾಲಿನ ಆದೇಶ ಕೊಟ್ಟು ಇದನ್ನು ಸರಿಪಡಿಸಬಹುದು, ಆದರೆ ಪುಣ್ಯ ಬೇಡ ಎನ್ನುವವರು ಯಾರು?

ಎಸ್‌ಎಸ್‌ಡಿ ಇದ್ದರೆ 20 ನಿಮಿಷಕ್ಕೆಲ್ಲ ಇನ್‌ಸ್ಟಾಲ್ ಮುಗಿಯುತ್ತದೆ. ಮಾವ ಗುಂಡಿ ಒತ್ತುತ್ತಾರೆ, ಕಾಫಿ ಲೋಟ ಕೈಗೆ ಬರುವ ಮೊದಲೇ ಪರದೆ ಸಿದ್ಧ! ಮನೆಮಂದಿಗೆಲ್ಲ ಬೆರಗು. ಇಲ್ಲೊಂದು ಗುಟ್ಟು ಹೇಳುತ್ತೇನೆ, ಅಳಿಯಂದಿರು ಕ್ಷಮಿಸಬೇಕು. ಅವನು ಅದಕ್ಕೆ ಮೊದಲೇ ಹಳೆಯ ಹಾರ್ಡ್ ಡಿಸ್ಕ್ ಬಿಚ್ಚಿ ಎಸ್‌ಎಸ್‌ಡಿ ಕೂರಿಸಿರುತ್ತಾನೆ. ವೇಗದಲ್ಲಿ ದೊಡ್ಡ ಪಾಲು ಬಂದದ್ದು ಅದರಿಂದ. ಕೀರ್ತಿ ಮಾತ್ರ ಪೂರ್ತಿ ಲಿನಕ್ಸಿನ ಲಾಂಛನವಾದ ಪೆಂಗ್ವಿನ್ನಿಗೆ.

ಇನ್ನು ಬಳಕೆ. ಮೌಸಿನಲ್ಲಿ ಎರಡು ಒತ್ತಿಗೆ ಆಗುವ ಕೆಲಸವನ್ನು ಅಳಿಯ ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ಟೈಪಿಸಿ ತೋರಿಸುತ್ತಾನೆ. ಹಾಗೆ ಮಾಡದಿದ್ದರೆ ಅವನಿಗೆ ಕಲಿತದ್ದು ವ್ಯರ್ಥವೆನಿಸುತ್ತದೆ. ಬಹುಪಾಲು ಡಿಸ್ಟ್ರೋಗಳಲ್ಲಿ ಆ ಕಿಟಕಿಯಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿತೆಂದು ಗಟ್ಟಿಯಾಗಿ ಕುಟ್ಟಬೇಡಿ, ಅದು ಕೇಳಿಸಿಕೊಳ್ಳುತ್ತಿರುತ್ತದೆ. ಸುಮ್ಮನೆ ಹೆದರಿಸುವ ಜಾಗವೂ ಅಲ್ಲ ಅದು. ಡೆಬಿಯನ್ ಮನೆತನದ ಯಂತ್ರದಲ್ಲಿ ಆಪ್ಟ್ ಎಂಬ ಆದೇಶದ ಮುಂದೆ ಮೂ ಎಂದು ಬರೆದರೆ ಅಕ್ಷರಗಳಲ್ಲಿ ಬಿಡಿಸಿದ ಹಸುವೊಂದು ಬಂದು, ಇವತ್ತು ಅಂಬಾ ಎಂದಿರಾ ಎಂದು ವಿಚಾರಿಸುತ್ತದೆ. ಕೋಟಿಗಟ್ಟಲೆ ಸರ್ವರುಗಳನ್ನು ಸಾಕುವ ಸಾಫ್ಟ್‌ವೇರಿನಲ್ಲಿ ಯಾರೋ ಕೂತು ಹಸು ಬಿಡಿಸಿದ್ದಾರಲ್ಲ, ಅದಕ್ಕೇ ನನಗೆ ಈ ಮಂದಿಯ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ.

ಎಡವಟ್ಟಾಗುವುದು ಅತ್ತೆಗೊಂದು ಬೇರೆ ಖಾತೆ ತೆರೆದುಕೊಟ್ಟಾಗ. ಯಂತ್ರದ ಮುಖ್ಯ ಬದಲಾವಣೆಗಳಿಗೆ ಸುಡೋ ಎಂಬ ಅಧಿಕಾರ ಬೇಕು. ಅದನ್ನು ಮಾವನ ಖಾತೆಗೆ ಮಾತ್ರ ಕೊಟ್ಟು ಅಳಿಯ ಊರಿಗೆ ಹೋಗಿರುತ್ತಾನೆ. ಅವನೇ ಚೀಟಿಯಲ್ಲಿ ಬರೆದುಕೊಟ್ಟ ಆದೇಶವನ್ನು ಅತ್ತೆ ಅಕ್ಷರ ಬಿಡದೆ ಟೈಪಿಸುತ್ತಾರೆ. ನಿಮಗೆ ಅಧಿಕಾರವಿಲ್ಲ, ಈ ಘಟನೆಯ ಬಗ್ಗೆ ವರದಿ ಮಾಡಲಾಗುವುದು ಎನ್ನುವ ಅರ್ಥದ ಸಾಲೊಂದು ಬರುತ್ತದೆ.

"ಏನ್ರೀ, ಇಲ್ಲಿ ಬನ್ನಿ. ನನ್ನ ಮೇಲೆ ವರದಿ ಮಾಡುತ್ತಂತೆ! ನಮ್ಮ ಮನೇಲಿ ನಾನು ಒಂದು ಗುಂಡಿ ಒತ್ತಿದರೆ ಯಾರಿಗ್ರೀ ವರದಿ?"

ಆ ವರದಿ ಅದೇ ಯಂತ್ರದ ಒಂದು ಲಾಗ್ ಕಡತದಲ್ಲಿ ಹೋಗಿ ಕೂರುತ್ತದೆ, ಓದಬೇಕಾದವರು ಮಾವನೇ, ಅವರಿಗೆ ಅದು ಎಲ್ಲಿದೆಯೆಂದೂ ಗೊತ್ತಿಲ್ಲ. ಇದನ್ನೆಲ್ಲ ವಿವರಿಸುವ ಧೈರ್ಯ ಮಾವನಿಗಿಲ್ಲ. ಸಂಜೆಯೊಳಗೆ ಅಳಿಯನಿಗೆ ಫೋನ್ ಹೋಗಿ ಅತ್ತೆಗೆ ಸುಡೋ ಮಂಜೂರಾಗುತ್ತದೆ. ಮನೆಯಲ್ಲಿ ಹೇಗಿದ್ದರೂ ಇದ್ದದ್ದೇ, ಈಗ ಯಂತ್ರಕ್ಕೂ ಗೊತ್ತಾಯಿತು ಅಷ್ಟೆ.

ಕನ್ನಡದ ಮಟ್ಟಿಗೆ ಲಿನಕ್ಸನ್ನು ಬಾಯ್ತುಂಬ ಹೊಗಳಬಹುದು. ಕೆ.ಪಿ. ರಾವ್ ಅವರ ಕೀಲಿಮಣೆಯಿಂದ ಬೆಳೆದ ಕಗಪ ವಿನ್ಯಾಸ, ಅಂದರೆ ನುಡಿ ತಂತ್ರಾಂಶದಲ್ಲಿ ಒತ್ತಿ ಅಭ್ಯಾಸವಾದದ್ದು, ಕೀಬೋರ್ಡ್ ಪಟ್ಟಿಯಲ್ಲೇ ಇದೆ. ಹುಡುಕಿ ಸೇರಿಸಿಕೊಂಡರೆ ಬೇರೆ ತಂತ್ರಾಂಶವೇ ಬೇಡ. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಎರಡು ಕನ್ನಡ ಫಾಂಟುಗಳು ಗೂಡು ಕಟ್ಟಿವೆ. ಆದರೆ ಹಳೆಯ ನುಡಿ ಫಾಂಟಿನಲ್ಲಿ ಬರೆದಿಟ್ಟ ಕಡತಗಳನ್ನು ತೆರೆದೀರಿ, ಜೋಕೆ. ಕನ್ನಡ ಎಂದು ಬರೆದಲ್ಲಿ ನಡುವೆ ಬ್ರಿಟಿಷರ ಪೌಂಡಿನ ಗುರುತು, ಆಚೀಚೆ ತಲೆಗೆ ಗೀರು ಎಳೆಸಿಕೊಂಡ ಇಂಗ್ಲಿಷಿನ ಎ. ಲಿನಕ್ಸ್ ಕನ್ನಡವನ್ನು ಕೆಡಿಸಿತು ಎಂದು ಪತ್ರಿಕೆಗೆ ಬರೆಯಲು ಹೊರಡಬೇಡಿ. ಆ ಫಾಂಟ್ ಇಲ್ಲದ ಯಾವ ಯಂತ್ರದಲ್ಲಿ ತೆರೆದರೂ ಅದು ಹಾಗೇ ಕಾಣುತ್ತದೆ. ಯೂನಿಕೋಡಿಗೆ ಬದಲಿಸಿಕೊಡುವ ಪರಿವರ್ತಕಗಳಿವೆ, ಒಮ್ಮೆ ಕೂತು ಬದಲಿಸಿಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಆಯಿತು.

ಎಲ್ಲರಿಗೂ ಲಿನಕ್ಸ್ ಎಂದು ಅಳಿಯ ಭಾಷಣ ಮಾಡುತ್ತಾನೆ, ನಾನು ಮಾಡುವುದಿಲ್ಲ. ಟ್ಯಾಲಿಯಲ್ಲಿ ಅಂಗಡಿ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಯ ಡಾಂಗಲ್ ಚುಚ್ಚಿ ಟೆಂಡರ್ ಹಾಕುವವರು, ಪೇಜ್‌ಮೇಕರಿನಲ್ಲಿ ಲಗ್ನಪತ್ರಿಕೆ ಮಾಡುವ ಡಿಟಿಪಿಯವರು ಇದ್ದಲ್ಲೇ ಇರುವುದು ಕ್ಷೇಮ. ವೈನ್ ಎಂಬ ಸಾಧನದಿಂದ ವಿಂಡೋಸಿನ ಕೆಲವು ತಂತ್ರಾಂಶಗಳು ಇಲ್ಲೂ ಓಡುತ್ತವೆ ನಿಜ, ಆದರೆ ಮಾರ್ಚ್ 31ರ ರಾತ್ರಿ ಅದನ್ನು ನಂಬಿ ಕೂರುವವರ ಧೈರ್ಯಕ್ಕೆ ದೂರದಿಂದಲೇ ಕೈಮುಗಿಯುತ್ತೇನೆ. ಪ್ರಿಂಟರ್ ಇನ್ನೊಂದು ಸೂಕ್ಷ್ಮ. ಕೆಲವು ಚುಚ್ಚಿದೊಡನೆ ಮುದ್ರಿಸುತ್ತವೆ. ಕೆಲವು, ಮುಖ್ಯವಾಗಿ ಜೆರಾಕ್ಸ್ ಅಂಗಡಿಯಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದ ಪುಟ್ಟ ಲೇಸರುಗಳು, ಅಳಿಯನ ಇಡೀ ರಜೆಯನ್ನು ತಿಂದು ಒಂದು ಹಾಳೆಯನ್ನೂ ಉಗುಳುವುದಿಲ್ಲ. ಮಿಕ್ಕಂತೆ ಬ್ರೌಸರ್, ಯೂಟ್ಯೂಬ್, ಇಮೇಲ್, ಲಿಬ್ರೆ ಆಫೀಸಿನಲ್ಲಿ ಒಂದು ಪತ್ರ, ಇಷ್ಟೇ ಬೇಕಾದವರಿಗೆ ವಿಂಡೋಸ್ ಇಲ್ಲದ್ದು ಒಂದು ವಾರದ ಮೇಲೆ ಮರೆತೇ ಹೋಗುತ್ತದೆ.

ಮರೆತರೆ ಒಳ್ಳೆಯದೇ ಇತ್ತು. ಮಾವಂದಿರು ಮರೆಯುವುದಿಲ್ಲ. ತಿಂಗಳೊಳಗೆ ಬೆಳಗಿನ ವಾಕಿಂಗ್ ಗುಂಪಿನಲ್ಲಿ, ಯಾರೂ ಕೇಳದಿದ್ದರೂ, "ನಾನೀಗ ವಿಂಡೋಸ್ ಮುಟ್ಟಲ್ಲ" ಎಂದು ಘೋಷಿಸುತ್ತಾರೆ. ವೈರಸ್ ಎಂದು ಪಕ್ಕದವರು ಗೊಣಗಿದರೆ ಕನಿಕರದಿಂದ ನೋಡುತ್ತಾರೆ. ಕೂತ ಬೆಂಚಿನ ಮೇಲೇ ಹೆಲ್ಸಿಂಕಿಯಿಂದ ಪುರಾಣ ಶುರುವಾಗುತ್ತದೆ. ಗುಂಪು ದಾರಿ ಬದಲಿಸಿದ್ದು ಯಾಕೆಂದು ಅವರಿಗೆ ತಿಳಿಯುವುದಿಲ್ಲ.

ಹೀಗೆಲ್ಲ ಆಗುತ್ತದೆ ಎಂದು ಗೊತ್ತಿದ್ದೂ ಹೇಳುತ್ತೇನೆ, ಹಳೆಯ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮೊದಲು ಲಿನಕ್ಸ್ ಹಾಕಿಸಿ. ಮಿಂಟ್ 22 ಹಾಕಿದರೆ 2029ರವರೆಗೆ ಅಪ್‌ಡೇಟ್ ಬರುತ್ತದೆ, ಬಿಟ್ಟಿಯಾಗಿ. ಅದರಲ್ಲೇ ಇರುವ ಟೈಮ್‌ಶಿಫ್ಟ್ ಅನ್ನು ಮೊದಲ ದಿನವೇ ಚಾಲೂ ಮಾಡಿಸಿ. ಏನಾದರೂ ಕೆಟ್ಟರೆ ನಿನ್ನೆಯ ಸ್ಥಿತಿಗೆ ಮರಳಬಹುದು. ಎಲ್ಲ ಸರಿಯಾಗಿ ನಡೆಯತೊಡಗಿದ ದಿನ ಪಾಸ್‌ವರ್ಡ್ ಬದಲಿಸಿ. ಅಳಿಯ ದೀಪಾವಳಿಗೆ ಬಂದು, "ಮಾವ, ಇದಕ್ಕಿಂತ ಚೆನ್ನಾಗಿರೋದು ಒಂದು ಬಂದಿದೆ" ಎಂದರೆ ಹೋಳಿಗೆ ಬಡಿಸಿ, ತುಪ್ಪ ಹಾಕಿ, ಹೊಸ ಪಾಸ್‌ವರ್ಡ್ ಮಾತ್ರ ಹೇಳಬೇಡಿ.